ಹುಲ್ಲಿಲ್ಲದ ನೆಲದಲ್ಲಿ ಗಾಲ್ಫ್: ಕೋಲಾರ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಂಗಾರಪೇಟೆ ಕಡೆಯವನು. ಗಾಲ್ಫ್ ಆಡುತ್ತೇನೆ ಎಂದ ಕೂಡಲೇ ನಮ್ಮ ಕಡೆ ಎರಡು ಪ್ರಶ್ನೆಗಳು ಎದ್ದು ಬರುತ್ತವೆ. ‘ಅದು ದುಡ್ಡಿದ್ದವರ ಆಟವಲ್ಲವೇ?’ ಎಂಬುದು ಒಂದು. ‘ಕುಡಿಯುವ ನೀರಿಗೇ ಪರದಾಡುವ ಜಿಲ್ಲೆಯಲ್ಲಿ ಹುಲ್ಲು ಬೆಳೆಸಿ ಆಡುತ್ತೀರಾ?’ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮದುವೆ ಮನೆಯಲ್ಲಿ, ರೈಲಿನಲ್ಲಿ, ಕಚೇರಿಯಲ್ಲಿ ಬಿಡಿಬಿಡಿಯಾಗಿ ಕೊಟ್ಟ ಉತ್ತರಗಳನ್ನು ಒಂದೆಡೆ ಬರೆದಿಡಬೇಕು ಎನಿಸಿತು. ಕಡಿಮೆ ಖರ್ಚಿನ ಮೈದಾನದಲ್ಲಿ ಮೊದಲ ಸುತ್ತು ಆಡಬೇಕೆಂದಿರುವವರಿಗಾಗಿ ಇದು. ಆಟದ ಸಾಧನಕ್ಕೂ ‘ಕ್ಲಬ್’ ಎನ್ನುತ್ತಾರೆ, ಆಡಿಸುವ ಸಂಸ್ಥೆಗೂ ಕ್ಲಬ್ ಎನ್ನುತ್ತಾರೆ. ಗೊಂದಲ ಬೇಡವೆಂದು ಸಾಧನವನ್ನು ಕೋಲು ಎಂದೇ ಕರೆದಿದ್ದೇನೆ, ‘ಹೋಲ್’ ಅನ್ನು, ಅಂದರೆ ಚೆಂಡು ಬೀಳಿಸುವ ಗುಂಡಿಯನ್ನೂ ಅಲ್ಲಿಯವರೆಗಿನ ಆಟದ ಇಡೀ ಹಾದಿಯನ್ನೂ, ಕುಳಿ ಎಂದಿದ್ದೇನೆ.

ಗಾಲ್ಫ್ ಶ್ರೀಮಂತರ ಆಟವಲ್ಲವೇ?

ಈ ಆಟದಲ್ಲಿ ದುಬಾರಿಯಾದದ್ದು ಹುಲ್ಲು. ಹದಿನೆಂಟು ಕುಳಿಗಳ ಮೈದಾನಕ್ಕೆ ನೂರು ಎಕರೆಗೂ ಮಿಕ್ಕ ಜಾಗ ಬೇಕು. ಅದಕ್ಕೆಲ್ಲ ಹುಲ್ಲು ಹಾಸಿ, ದಿನವೂ ನೀರು ಚಿಮುಕಿಸಿ, ಯಂತ್ರದಲ್ಲಿ ಕತ್ತರಿಸಿ, ಗೊಬ್ಬರ ಹಾಕಿ ಸಾಕಬೇಕಾದರೆ ಆ ಖರ್ಚು ಆಡುವವರ ತಲೆಯ ಮೇಲೆ ಬೀಳದೆ ಇರುವುದಿಲ್ಲ. ಹುಲ್ಲಿನ ಖರ್ಚನ್ನು ತೆಗೆದುಬಿಡಿ, ಉಳಿಯುವುದು ಒಂದು ಕೋಲು, ಒಂದು ಚೆಂಡು, ನಡೆಯಲು ಎರಡು ಕಾಲು.

ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನಲ್ಲಿ, ಬೇಸಾಯಕ್ಕೆ ಬಾರದ ಮರಳು ನೆಲದಲ್ಲಿ. ಅಲ್ಲಿ ಹುಲ್ಲು ಕತ್ತರಿಸುವ ಕೆಲಸ ಮಾಡುತ್ತಿದ್ದವು ಕುರಿಗಳು. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಇಂದಿಗೂ ಸಾರ್ವಜನಿಕರ ನೆಲ. ಭಾನುವಾರ ಅಲ್ಲಿ ಆಟ ನಿಲ್ಲಿಸಿ ಊರಿನವರಿಗೆ ಓಡಾಡಲು ಬಿಡುತ್ತಾರೆ. ಗೋಮಾಳ ಎಂದರೆ ಏನೆಂದು ಬಲ್ಲ ನಮಗೆ ಇದು ಹೊಸ ವಿಷಯವೇನಲ್ಲ. ದೆಹಲಿಯಲ್ಲೂ ಅಭಿವೃದ್ಧಿ ಪ್ರಾಧಿಕಾರವೇ ನಡೆಸುವ ಕುತುಬ್ ಗಾಲ್ಫ್ ಮೈದಾನದಲ್ಲಿ ಸದಸ್ಯತ್ವವಿಲ್ಲದವರು ಶುಲ್ಕ ಕಟ್ಟಿ ಆಡಬಹುದು. ನಮ್ಮ ರಾಜ್ಯದವರೇ ಆದ ಎಸ್. ಚಿಕ್ಕರಂಗಪ್ಪ ಬಿಡದಿಯ ಬಳಿ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಲ್ಲಿ ಬೆಳೆದು, ಏಷ್ಯನ್ ಟೂರ್‌ನಲ್ಲಿ ಆಡುವ ವೃತ್ತಿಪರ ಆಟಗಾರರಾದರು. ಹಳ್ಳಿಯ ಹುಡುಗನ ಕೈಗೆ ಕೋಲು ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ನಾನು ಎಲ್ಲರಿಗೂ ಕೊಡುವ ಉದಾಹರಣೆ ಇದು.

ಕೋಲಾರಕ್ಕೂ ಗಾಲ್ಫ್‌ಗೂ ಏನು ಸಂಬಂಧ?

ಚಿನ್ನದ ಸಂಬಂಧ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಗಣಿಗಾರಿಕೆಗೆ ಕೈ ಹಾಕಿತು. ಬ್ರಿಟಿಷ್ ಎಂಜಿನಿಯರುಗಳು ಸಂಸಾರ ಸಮೇತ ಬಂದರು, ಬಂಗಲೆಗಳಾದವು, ಕ್ಲಬ್ಬುಗಳಾದವು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಬೇತಮಂಗಲದ ಬಳಿ ಪಾಲಾರ್‌ನ ನೀರನ್ನು ಹಿಡಿದು ಗಣಿಗೂ ಕಾಲೊನಿಗೂ ಹರಿಸಿದರು. ಅವರೊಂದಿಗೆ ಟೆನಿಸ್, ಕ್ರಿಕೆಟ್‌ಗಳ ಹಾಗೆ ಗಾಲ್ಫ್ ಕೂಡ ಬಂತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಸಾವಿರಾರು ಮನೆಗಳ ಒಲೆ ಆರಿಸಿದ ದಿನ ಅದು. ಕೆಜಿಎಫ್‌ನ ಗಾಲ್ಫ್ ಮೈದಾನ ಆ ಗಣಿ ಕಾಲದ್ದು.

ದೇಶದಲ್ಲಿ ಈ ಆಟ ಇನ್ನೂ ಹಳೆಯದು. ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ 1829ರದು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಅಂದರೆ ಟೇಲರ್ ಕಂಪನಿ ಇಲ್ಲಿಗೆ ಕಾಲಿಡುವ ಮೊದಲೇ ಬೆಂಗಳೂರಿನಲ್ಲಿ ಚೆಂಡು ಉರುಳುತ್ತಿತ್ತು.

‘ಬ್ರೌನ್’ ಎನ್ನುತ್ತೀರಲ್ಲ, ಅದೇನು?

ಟಿವಿಯಲ್ಲಿ ತೋರಿಸುವ ಗಾಲ್ಫ್‌ನಲ್ಲಿ ಕುಳಿಯ ಸುತ್ತ ಕಂಬಳಿಯಂತೆ ಕತ್ತರಿಸಿದ ಹುಲ್ಲಿರುತ್ತದೆ, ಅದಕ್ಕೆ ‘ಗ್ರೀನ್’ ಎಂದು ಹೆಸರು. ನೀರು ಕಡಿಮೆ ಇರುವ ಕಡೆ ಹಳೆಯ ಕಾಲದವರು ಹುಲ್ಲಿಗೆ ಬದಲು ಸಣ್ಣ ಮರಳನ್ನು ಹಾಸಿ, ಗಾಳಿಗೆ ಹಾರದಿರಲೆಂದು ಎಣ್ಣೆ ಬೆರೆಸಿ, ರೋಲರ್ ಎಳೆದು ಗಟ್ಟಿ ಮಾಡುತ್ತಿದ್ದರು. ಆ ಕಂದು ಅಂಗಳವೇ ಬ್ರೌನ್. ಭಾರತದ ಒಣ ಸೀಮೆಗಳಲ್ಲಿ ಗಾಲ್ಫ್ ಹಬ್ಬಿದ್ದು ಬ್ರೌನ್‌ಗಳ ಮೇಲೆಯೇ. ಬ್ರೌನ್ ಇರುವ ಮೈದಾನದಲ್ಲಿ ಫೇರ್‌ವೇ, ಅಂದರೆ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗದಿಂದ) ಕುಳಿಯವರೆಗಿನ ಹಾದಿ, ಮಳೆ ಬಂದಾಗ ಹಸಿರು, ಬೇಸಿಗೆಯಲ್ಲಿ ಕೆಂಪು ಮಣ್ಣು.

ನಾನು ಆಟ ಕಲಿತದ್ದು ಬ್ರೌನ್ ಮೇಲೆ. ಇದನ್ನು ಬಡವರ ಗಾಲ್ಫ್ ಎಂದು ಯಾರಾದರೂ ಮೂಗು ಮುರಿದರೆ ನನಗೆ ನಿಜವಾಗಿಯೂ ನೋವಾಗುತ್ತದೆ. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಇಲ್ಲಿ ಹೆಚ್ಚು ದಿನ ಮರಳಾಗಿಯೇ ಇರುತ್ತದೆ. ಸಾವಿರ ಅಡಿ ಕೊರೆದು ಧೂಳು ಮಾತ್ರ ಕಂಡ ಕೊಳವೆಬಾವಿ ಇಲ್ಲದ ಊರನ್ನು ಹುಡುಕಬೇಕು. ಕೆರೆಗಳನ್ನು ತುಂಬಿಸಲು 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ತರಬೇಕಾಯಿತು. ಇಂತಹ ನೆಲದಲ್ಲಿ ನೀರು ಕೇಳದ ಗಾಲ್ಫ್ ಇದೆ ಎಂದರೆ ಅದೇ ಇಲ್ಲಿಗೆ ಸರಿಯಾದ ಗಾಲ್ಫ್. ರಾಗಿ ಬೆಳೆಯುವ ಹೊಲದಲ್ಲಿ ಭತ್ತ ನಾಟಿ ಮಾಡುವುದಿಲ್ಲ, ಹಾಗೆಯೇ ಇದು. ಒಂದು ಮಾತು ಸೇರಿಸಬೇಕು: ಬಳಸಿ ಬಿಟ್ಟ ಎಂಜಿನ್ ಎಣ್ಣೆಯನ್ನು ಮರಳಿಗೆ ಸುರಿಯುವ ಹಳೆಯ ರೂಢಿ ಒಳ್ಳೆಯದಲ್ಲ. ಮಳೆ ಬಂದರೆ ಅದು ಮಣ್ಣಿಗೇ ಇಳಿಯುತ್ತದೆ. ಎಷ್ಟು ಕಡಿಮೆ ಬಳಸಿದರೆ ಅಷ್ಟು ಒಳ್ಳೆಯದು.

ಸದಸ್ಯನಲ್ಲದವನು ಹೋಗಿ ಆಡಬಹುದೇ?

ಹಳೆಯ ಸಣ್ಣ ಕ್ಲಬ್ಬುಗಳಲ್ಲಿ ಹೊರಗಿನವರಿಗೆ ದಿನದ ಶುಲ್ಕದ ಮೇಲೆ, ಇಲ್ಲವೇ ಸದಸ್ಯರೊಬ್ಬರ ಅತಿಥಿಯಾಗಿ ಆಡಲು ಬಿಡುವುದು ವಾಡಿಕೆ. ಮೊದಲು ಫೋನ್ ಮಾಡಿ ಕೇಳಿ. ಪಂದ್ಯಾವಳಿ ಇರುವ ಭಾನುವಾರ ಹೋಗಿ ಗೇಟಿನ ಬಳಿ ನಿಲ್ಲುವ ಪಾಡು ಬೇಡ. ವಾರದ ನಡುವಿನ ದಿನ ಒಳ್ಳೆಯದು. ಮೈದಾನ ಖಾಲಿ ಇರುತ್ತದೆ, ಹೊಸಬರು ಎಷ್ಟು ತಡವರಿಸಿದರೂ ಹಿಂದೆ ಕಾಯುವವರಿರುವುದಿಲ್ಲ.

ಒಂದು ಸುತ್ತಿಗೆ ಎಷ್ಟು ಖರ್ಚು ಬರುತ್ತದೆ?

ಮೊತ್ತ ಕ್ಲಬ್ಬಿನಿಂದ ಕ್ಲಬ್ಬಿಗೆ, ವಾರದ ದಿನದಿಂದ ರಜೆಯ ದಿನಕ್ಕೆ ಬದಲಾಗುತ್ತದೆ. ಆದ್ದರಿಂದ ‘ಎಷ್ಟಾಗುತ್ತದೆ?’ ಎಂದು ಒಟ್ಟಾಗಿ ಕೇಳದೆ ಬಿಡಿಸಿ ಕೇಳಬೇಕು: ಆಡುವ ಶುಲ್ಕ ಎಷ್ಟು, ಅದು ಒಂಬತ್ತು ಕುಳಿಗೋ ಹದಿನೆಂಟಕ್ಕೋ, ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿಯ ಕೂಲಿ ಬೇರೆಯೋ ಸೇರಿದೆಯೋ, ಕೋಲುಗಳನ್ನು ಬಾಡಿಗೆಗೆ ಕೊಡುತ್ತಾರೆಯೇ, ತೆರಿಗೆ ಮೇಲೆ ಬೀಳುತ್ತದೆಯೇ. ಮೊದಲ ಸಲ ಒಂಬತ್ತು ಕುಳಿ ಸಾಕು. ಕಾಲಿಗೂ ಜೇಬಿಗೂ ಅದೇ ಹಿತ.

ಮರೆತುಹೋಗುವ ಖರ್ಚು ಚೆಂಡಿನದು. ಹೊಸಬರು ಒಂದು ಸುತ್ತಿನಲ್ಲಿ ನಾಲ್ಕೈದು ಚೆಂಡು ಕಳೆಯುವುದು ಸಹಜ. ಹೊಸ ಚೆಂಡಿಗೆ ದುಡ್ಡು ಸುರಿಯಬೇಡಿ. ಪೊದೆಯಲ್ಲಿ ಆಯ್ದು, ತೊಳೆದು, ಮಾರಲು ಇಟ್ಟ ಹಳೆಯ ಚೆಂಡುಗಳು ಮೈದಾನದಲ್ಲೇ ಸಿಗುತ್ತವೆ. ಸಿಪ್ಪೆ ಸೀಳದ ಚೆಂಡು ಸಾಕು, ಬ್ರ್ಯಾಂಡ್ ಯಾವುದಾದರೇನು.

ಕೋಲುಗಳ ಇಡೀ ಸೆಟ್ ಕೊಳ್ಳಬೇಕೇ?

ಬೇಡ. ನಿಯಮದ ಪ್ರಕಾರ ಚೀಲದಲ್ಲಿ ಹೆಚ್ಚೆಂದರೆ 14 ಕೋಲು ಇರಬಹುದು. ಇಷ್ಟಾದರೂ ಇರಲೇಬೇಕು ಎಂದು ಎಲ್ಲಿಯೂ ಇಲ್ಲ. ನನ್ನ ಮೊದಲ ವರ್ಷ ಕಳೆದದ್ದು ನಾಲ್ಕು ಕೋಲುಗಳಲ್ಲಿ: ದೂರಕ್ಕೆ ಒಂದು ಹೈಬ್ರಿಡ್, ನಡುದೂರಕ್ಕೆ ಒಂದು ಏಳನೆಯ ಐರನ್, ಹತ್ತಿರದ ಹೊಡೆತಕ್ಕೆ ಒಂದು ಪಿಚಿಂಗ್ ವೆಜ್, ಕುಳಿಯ ಬಳಿ ಚೆಂಡು ಉರುಳಿಸಲು ಒಂದು ಪಟರ್. ಡ್ರೈವರ್ ಎಂಬ ದೊಡ್ಡ ತಲೆಯ ಕೋಲನ್ನು ಮೊದಲ ಆರು ತಿಂಗಳು ಮುಟ್ಟದಿರುವುದೇ ಲೇಸು. ಅದು ದೂರ ಹೊಡೆಯುವುದು ನಿಜ, ಆದರೆ ಅಡ್ಡ ದಾರಿಯಲ್ಲೂ ಅಷ್ಟೇ ದೂರ ಕಳುಹಿಸುತ್ತದೆ.

ಬಳಸಿದ ಕೋಲು ಕೊಳ್ಳುವಾಗ ಹಿಡಿಯ ರಬ್ಬರ್ ನೋಡಿ. ಒಣಗಿ ನುಣುಪಾಗಿದ್ದರೆ ಬೆವರಿದ ಕೈಯಲ್ಲಿ ಜಾರುತ್ತದೆ. ಹಿಡಿಯನ್ನು ಬದಲಾಯಿಸಬಹುದು, ಸೀಳಿದ ದಂಡವನ್ನು ಕೊಳ್ಳಲೇಬಾರದು. ಇನ್ನೊಂದು ಸಂಗತಿ: ಒಣ ನೆಲದಲ್ಲಿ ಸಣ್ಣ ಕಲ್ಲು ತಾಗಿ ಐರನ್‌ನ ಅಡಿಭಾಗದಲ್ಲಿ ಗೀರು ಬೀಳುತ್ತದೆ. ಅದಕ್ಕಾಗಿ ನಮ್ಮ ಕಡೆ ದುಬಾರಿ ಕೋಲುಗಳ ಒಡೆಯರೂ ಹಳೆಯದೊಂದು ಸೆಟ್ ಇಟ್ಟುಕೊಂಡಿರುತ್ತಾರೆ. ಅಂಥವರಲ್ಲಿ ಕೇಳಿ ನೋಡಿ, ಮನೆಯ ಅಟ್ಟದಿಂದ ಕೋಲುಗಳು ಇಳಿದು ಬರುತ್ತವೆ.

ಉಡುಪು?

ಕಾಲರ್ ಇರುವ ಅಂಗಿ, ಪ್ಯಾಂಟು ಅಥವಾ ಮೊಣಕಾಲಿನವರೆಗಿನ ಚಡ್ಡಿ, ಹಿಡಿತವಿರುವ ಕ್ಯಾನ್ವಾಸ್ ಶೂ, ಟೋಪಿ. ಜೀನ್ಸ್ ಮತ್ತು ಚಪ್ಪಲಿಯನ್ನು ಹೆಚ್ಚಿನ ಕ್ಲಬ್ಬುಗಳು ಒಪ್ಪುವುದಿಲ್ಲ.

ನಾನು ಕ್ರಿಕೆಟ್ ಆಡಿದವನು. ನಿಂತ ಚೆಂಡನ್ನು ಹೊಡೆಯುವುದು ಸುಲಭವಲ್ಲವೇ?

ಎಲ್ಲರೂ ಹೀಗೆಯೇ ಅಂದುಕೊಂಡು ಬರುತ್ತಾರೆ. ಓಡಿ ಬರುವ ಚೆಂಡು ನಿಮಗೆ ಯೋಚಿಸಲು ಸಮಯ ಕೊಡುವುದಿಲ್ಲ, ಕೈ ತಾನಾಗಿ ಆಡುತ್ತದೆ. ನಿಂತ ಚೆಂಡು ಬೇಕಾದಷ್ಟು ಸಮಯ ಕೊಡುತ್ತದೆ, ಆ ಸಮಯದಲ್ಲಿ ಮನಸ್ಸು ಮೈಯನ್ನು ಬಿಗಿ ಮಾಡುತ್ತದೆ. ಕ್ರಿಕೆಟಿಗರಲ್ಲಿ ನಾನು ಕಂಡ ತಪ್ಪುಗಳು ಎರಡು. ಮೊದಲನೆಯದು, ಭುಜಬಲದಿಂದ ಎತ್ತಿ ಹೊಡೆಯುವುದು. ಚೆಂಡನ್ನು ಮೇಲೆ ಎತ್ತುವ ಕೆಲಸ ಕೋಲಿನ ಓರೆ ಮುಖದ್ದು. ನೀವು ಇಳಿಮುಖವಾಗಿ ಹೊಡೆದರೆ ಅದು ತಾನೇ ಏಳುತ್ತದೆ. ಎರಡನೆಯದು, ಹೊಡೆಯುವಾಗ ಮೈಭಾರವನ್ನು ಹಿಂದಿನ ಕಾಲಿನ ಮೇಲೆಯೇ ಉಳಿಸಿಕೊಳ್ಳುವುದು. ಹಾಗೆ ಮಾಡಿದರೆ ಕೋಲು ಚೆಂಡಿಗಿಂತ ಮೊದಲು ನೆಲ ಮುಟ್ಟುತ್ತದೆ. ಮೆತ್ತನೆಯ ಹುಲ್ಲಿನಲ್ಲಿ ಆ ತಪ್ಪು ಮುಚ್ಚಿಹೋಗಬಹುದು. ನಮ್ಮ ಗಟ್ಟಿ ನೆಲ ಮಾತ್ರ ಅದನ್ನು ಮಣಿಕಟ್ಟಿಗೇ ಹೇಳುತ್ತದೆ. ಇಲ್ಲಿ ಕಲಿತವರ ಹೊಡೆತ ಅಚ್ಚುಕಟ್ಟಾಗಿರುವುದಕ್ಕೆ ಅದೇ ಕಾರಣ ಎಂದು ನನ್ನ ನಂಬಿಕೆ.

ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡಿದವರಿಗೆ ಒಂದು ಅನುಕೂಲವಿದೆ. ಚಿನ್ನಿಯ ಮೇಲಿನ ಕಣ್ಣು ಕದಲಿದರೆ ದಾಂಡು ಗಾಳಿಯನ್ನು ಹೊಡೆಯುತ್ತದೆ ಎಂದು ಅವರಿಗೆ ಗೊತ್ತು. ಅಷ್ಟು ಗೊತ್ತಿದ್ದರೆ ಮೊದಲ ದಿನಕ್ಕೆ ಸಾಕು.

ಮನೆಯಲ್ಲೂ ಅಭ್ಯಾಸ ಮಾಡಬಹುದು. ಸ್ಟೀಲ್ ಲೋಟವನ್ನು ನೆಲದ ಮೇಲೆ ಅಡ್ಡ ಮಲಗಿಸಿ ಪಟರ್‌ನಿಂದ ಚೆಂಡನ್ನು ಅದರ ಬಾಯಿಗೆ ಉರುಳಿಸಿ. ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್, ಲೋಟದ ಬಾಯಿ ಅದಕ್ಕಿಂತ ಕಿರಿದು. ಮನೆಯಲ್ಲಿ ಲೋಟಕ್ಕೆ ಬೀಳಿಸಿದವರಿಗೆ ಮೈದಾನದ ಕುಳಿ ದೊಡ್ಡದಾಗಿ ಕಾಣುತ್ತದೆ.

ಅಂಕ ಎಣಿಸುವುದು ಹೇಗೆ?

ಪ್ರತಿ ಕುಳಿಗೂ ‘ಪಾರ್’ ಎಂಬ ಲೆಕ್ಕವಿದೆ: ನುರಿತವರು ಇಷ್ಟು ಹೊಡೆತಗಳಲ್ಲಿ ಮುಗಿಸುತ್ತಾರೆ ಎಂಬ ಅಂದಾಜು. ಸಾಮಾನ್ಯವಾಗಿ ಮೂರು, ನಾಲ್ಕು ಅಥವಾ ಐದು. ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ.

ಹೊಸಬರು ಎಲ್ಲ ಹೊಡೆತಗಳನ್ನೂ ಕೂಡಿಸುತ್ತಾ ಹೋಗಿ ಎದೆಗುಂದುವುದು ಬೇಡ. ಸ್ಟೇಬಲ್‌ಫೋರ್ಡ್ ಎಂಬ ಪದ್ಧತಿಯಲ್ಲಿ ಆಡಿ. ಪಾರ್‌ಗೆ ಎರಡು ಅಂಕ, ಬೋಗಿಗೆ ಒಂದು, ಬರ್ಡಿಗೆ ಮೂರು. ಬೋಗಿಗಿಂತ ಕೆಟ್ಟರೆ ಸೊನ್ನೆ. ಹ್ಯಾಂಡಿಕ್ಯಾಪ್, ಅಂದರೆ ಕಡಿಮೆ ಪಳಗಿದವರಿಗೆ ಕೊಡುವ ಹೊಡೆತಗಳ ರಿಯಾಯಿತಿ, ಇದ್ದರೆ ಅದನ್ನು ಕಳೆದ ಮೇಲಿನ ಲೆಕ್ಕ ಇದು. ಅಂಕ ಬರುವುದಿಲ್ಲ ಎಂದಾದ ಕೂಡಲೇ ಚೆಂಡೆತ್ತಿಕೊಂಡು ಮುಂದಿನ ಕುಳಿಗೆ ನಡೆಯಬಹುದು. ಹಿಂದೆ ಬರುವವರಿಗೂ ತೊಂದರೆಯಿಲ್ಲ. 2020ರಿಂದ ಜಗತ್ತಿಗೆಲ್ಲ ಒಂದೇ ಹ್ಯಾಂಡಿಕ್ಯಾಪ್ ಪದ್ಧತಿ ಬಂದಿದೆ. ಅದರಲ್ಲಿ 54ರವರೆಗೆ ಹ್ಯಾಂಡಿಕ್ಯಾಪ್ ಪಡೆಯಬಹುದು. ಅಂದರೆ ಪ್ರತಿ ಕುಳಿಗೆ ಮೂರು ಹೊಡೆತಗಳ ರಿಯಾಯಿತಿ. ಹೊಸಬನೂ ಪಳಗಿದವನೂ ಒಂದೇ ಪಂದ್ಯದಲ್ಲಿ ಸರಿಸಮವಾಗಿ ಆಡಲು ಹೀಗೆ ದಾರಿ ಮಾಡಿಕೊಟ್ಟ ಆಟ ನನಗೆ ಬೇರೊಂದು ಗೊತ್ತಿಲ್ಲ.

ಬ್ರೌನ್ ಮೇಲೆ ಆಡುವುದು ಹೇಗೆ?

ಎರಡು ಮಾತು ನೆನಪಿಡಿ. ದೂರದಿಂದ ಬರುವ ಚೆಂಡನ್ನು ನೇರ ಬ್ರೌನ್ ಮೇಲೆ ಇಳಿಸಲು ಹೋಗಬೇಡಿ. ಬ್ರೌನ್ ಚಿಕ್ಕದು, ನಮ್ಮ ಮನೆಗಳ ಅಂಗಳದಷ್ಟು. ಚೆಂಡನ್ನು ಮುಂಚಿನ ಗಟ್ಟಿ ನೆಲದಲ್ಲಿ ಬೀಳಿಸಿ, ಪುಟಿದು ಉರುಳಿ ಬರಲು ಬಿಡಿ. ಎಲ್ಲಿ ಬೀಳಿಸಿದರೆ ಎಷ್ಟು ಉರುಳುತ್ತದೆ ಎಂಬುದು ಆ ನೆಲದಲ್ಲಿ ದಿನವೂ ಓಡಾಡುವ ಕ್ಯಾಡಿಗೆ ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯದು ಪಟ್, ಅಂದರೆ ಪಟರ್‌ನಿಂದ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ. ಮರಳು ಚೆಂಡಿನ ಓಟವನ್ನು ಹಿಡಿಯುತ್ತದೆ. ಅಂಜುತ್ತಾ ತಟ್ಟಿದರೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಹುಲ್ಲಿನ ಗ್ರೀನ್‌ಗಳಲ್ಲಿರುವ ಏರಿಳಿತ ಇಲ್ಲಿ ಕಡಿಮೆ, ಆದ್ದರಿಂದ ಕುಳಿಯ ಹಿಂಗೋಡೆಗೆ ಗುರಿಯಿಟ್ಟು ನೇರವಾಗಿ, ಗಟ್ಟಿಯಾಗಿ ತಳ್ಳಿ. ಪಟ್ ಮಾಡುವ ಮುನ್ನ ಹಾದಿಯಲ್ಲಿನ ಹೆಜ್ಜೆ ಗುರುತುಗಳನ್ನು ಉದ್ದ ಹಿಡಿಯ ಹಲಗೆಯಿಂದ ಸವರಿ ನುಣುಪು ಮಾಡಬಹುದೇ ಎಂಬುದಕ್ಕೆ ಪ್ರತಿ ಮೈದಾನದಲ್ಲೂ ಅಲ್ಲಿಯದೇ ನಿಯಮವಿರುತ್ತದೆ. ಮೊದಲ ಟೀಯಲ್ಲೇ ಕೇಳಿಕೊಳ್ಳಿ.

ಕುರಿ ಬಂದರೆ, ಹಾವು ಕಂಡರೆ, ಚೆಂಡು ಹಿಕ್ಕೆಯ ಮೇಲೆ ಕೂತರೆ?

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಗಾಲ್ಫ್ ನಿಯಮಗಳನ್ನು ಓದಿದರೆ ನಮ್ಮ ಮಾವಿನ ತೋಪನ್ನೂ ಕೆರೆಯಂಗಳವನ್ನೂ ನೋಡಿಯೇ ಬರೆದಿದ್ದಾರೆ ಎನಿಸುತ್ತದೆ.

ಕುರಿ ಹಿಕ್ಕೆ, ಸಗಣಿ, ಒಣ ಎಲೆ, ಬಿಡಿ ಕಲ್ಲು, ಬಿದ್ದ ಕಡ್ಡಿ ಇವೆಲ್ಲ ನಿಯಮದ ಪ್ರಕಾರ ಬಿಡಿ ಅಡ್ಡಿಗಳು. ದಂಡವಿಲ್ಲದೆ ತೆಗೆಯಬಹುದು. 2019ರ ನಿಯಮಗಳು ಬಂದ ಮೇಲೆ ಬಂಕರ್ ಎಂಬ ಮರಳು ಗುಂಡಿಯ ಒಳಗೂ ತೆಗೆಯಬಹುದು. ಆದರೆ ತೆಗೆಯುವಾಗ ನಿಮ್ಮ ಚೆಂಡು ಅಲುಗಿದರೆ ಒಂದು ಹೊಡೆತದ ದಂಡ ತೆತ್ತು, ಚೆಂಡನ್ನು ಇದ್ದಲ್ಲಿಗೇ ಇಡಬೇಕು. ಗ್ರೀನ್ ಅಥವಾ ಟೀ ಮೇಲಾದರೆ ಈ ದಂಡವಿಲ್ಲ.

ಇಲಿ, ಹೆಗ್ಗಣ, ಮುಂಗುಸಿ ತೋಡಿದ ಬಿಲದಲ್ಲಿ ಚೆಂಡು ಕೂತರೆ ದಂಡವಿಲ್ಲದೆ ಹೊರಗೆ ತೆಗೆದು, ಬಿಲದ ತೊಡಕಿಲ್ಲದ ಹತ್ತಿರದ ಜಾಗದಿಂದ ಒಂದು ಕೋಲಿನುದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ, ಮೊಣಕಾಲಿನ ಎತ್ತರದಿಂದ ಬೀಳಿಸಿ ಆಡಬೇಕು. ಹಾವು, ಜೇನು, ಕಣಜದಂತಹ ಅಪಾಯ ಚೆಂಡಿನ ಬಳಿ ಇದ್ದರೂ ಹೀಗೆಯೇ ಅಪಾಯವಿಲ್ಲದ ಜಾಗಕ್ಕೆ ಸರಿದು, ದಂಡವಿಲ್ಲದೆ ಆಡಬಹುದು. ನಮ್ಮ ಕಡೆ ಕೊಳಕುಮಂಡಲ ಇದೆ. ಒಣ ಎಲೆಯ ರಾಶಿಗೆ, ಲಂಟಾನದ ಪೊದೆಗೆ ಕೈ ಹಾಕಬೇಡಿ, ಕೋಲಿನಿಂದ ಸದ್ದು ಮಾಡಿ ನೋಡಿ. ಚೆಂಡು ಇನ್ನೊಂದು ಸಿಗುತ್ತದೆ.

ನಿಂತ ಚೆಂಡನ್ನು ನಾಯಿ ಕಚ್ಚಿಕೊಂಡು ಹೋದರೆ, ಕಾಗೆ ಎತ್ತಿಕೊಂಡು ಹಾರಿದರೆ, ಕುರಿ ಒದ್ದರೆ ದಂಡವಿಲ್ಲ. ಇದ್ದ ಜಾಗದಲ್ಲಿ ಚೆಂಡನ್ನು ಮತ್ತೆ ಇಡಿ. ಉರುಳುತ್ತಿರುವ ಚೆಂಡು ಕುರಿಗೆ ತಾಗಿದರೆ ಸಾಮಾನ್ಯವಾಗಿ ನಿಂತಲ್ಲಿಂದಲೇ ಆಡಬೇಕು. ಮಂದೆ ಅಡ್ಡ ಬಂದಾಗ ಹೊಡೆಯುವ ಮಾತೇ ಇಲ್ಲ. ಕುರಿ ಕಾಯುವವರು ದಾಟುವವರೆಗೆ ಕಾಯಿರಿ. ಆ ನೆಲದಲ್ಲಿ ಅವರ ಕಾಲು ನಮ್ಮ ಕಾಲಿಗಿಂತ ಹಳೆಯದು.

ಕಳೆದುಹೋದ ಚೆಂಡನ್ನು ಹುಡುಕಲು ಮೂರು ನಿಮಿಷ. ಸಿಗದಿದ್ದರೆ ಹಿಂದಿನ ಹೊಡೆತ ಹೊಡೆದ ಜಾಗಕ್ಕೇ ಮರಳಿ, ಒಂದು ಹೊಡೆತದ ದಂಡ ಸೇರಿಸಿ ಆಡಬೇಕು. ಅನುಮಾನವಿದ್ದರೆ ಮುಂದೆ ನಡೆಯುವ ಮೊದಲೇ ‘ಪ್ರಾವಿಷನಲ್’ ಎಂದು ಹೇಳಿ ಇನ್ನೊಂದು ಚೆಂಡು ಹೊಡೆದಿಡಿ. ಸ್ಥಳೀಯ ನಿಯಮ ಒಪ್ಪಿದರೆ ಎರಡು ಹೊಡೆತಗಳ ದಂಡಕ್ಕೆ ಮುಂದೆಯೇ ಚೆಂಡು ಬೀಳಿಸಬಹುದು. ಸ್ನೇಹಿತರ ಆಟಕ್ಕೆ ಇದೇ ಸೊಗಸು. ಕಳ್ಳಿಯ ಬೇಲಿಯಲ್ಲಿ ಸಿಕ್ಕಿಕೊಂಡ ಚೆಂಡನ್ನು ಆಡಲಾಗದು ಎಂದು ನೀವೇ ಹೇಳಿ, ಒಂದು ಹೊಡೆತ ತೆತ್ತು ಎರಡು ಕೋಲಿನುದ್ದ ಸರಿಯಬಹುದು.

ಮತ್ತೊಂದು. ಚೆಂಡು ಯಾರ ಕಡೆಗಾದರೂ ಹೋಗುತ್ತಿದೆ ಎನಿಸಿದರೆ ‘ಫೋರ್!’ ಎಂದು ಗಂಟಲು ಹರಿಯುವಂತೆ ಕೂಗಿ. ಪಕ್ಕದ ಹೊಲದಲ್ಲಿ ಕಳೆ ಕೀಳುವವರಿಗೆ ‘ಫೋರ್’ ಎಂದರೆ ತಿಳಿಯುವುದಿಲ್ಲ, ‘ಚೆಂಡು, ಚೆಂಡು’ ಎಂದೂ ಕೂಗಿ. 45 ಗ್ರಾಂ ತೂಕದ ಗಟ್ಟಿ ಚೆಂಡು ಹಣೆಗೆ ಬಡಿದರೆ ಆಟದ ಮಾತು ಅಲ್ಲಿಗೇ ಮುಗಿಯುತ್ತದೆ.

ಎಷ್ಟು ಹೊತ್ತು ಹಿಡಿಯುತ್ತದೆ?

ಒಂಬತ್ತು ಕುಳಿಗೆ ಸುಮಾರು ಎರಡು ಗಂಟೆ, ಹದಿನೆಂಟಕ್ಕೆ ನಾಲ್ಕು ಅಥವಾ ಸ್ವಲ್ಪ ಹೆಚ್ಚು. ನಿಮ್ಮ ಹಿಂದಿನವರು ಕಾಯುತ್ತಿದ್ದು, ಮುಂದೆ ಒಂದು ಕುಳಿಯಷ್ಟು ಜಾಗ ಖಾಲಿಯಿದ್ದರೆ ಅವರನ್ನು ಕೈ ಬೀಸಿ ಮುಂದೆ ಬಿಡಿ.

ಕ್ಯಾಡಿ ಬೇಕೇ? ಚೀಲ ನಾನೇ ಹೊರುತ್ತೇನೆ.

ಹೊರಲು ನಿಮಗೆ ಬಲವಿರಬಹುದು. ಆದರೂ ಮೊದಲ ಸಲ ಕ್ಯಾಡಿಯನ್ನು ಕರೆದುಕೊಳ್ಳಿ. ಹಳೆಯ ಮೈದಾನಗಳಲ್ಲಿ ಕ್ಯಾಡಿಯೇ ಪಾಠಶಾಲೆ. ನನಗೆ ಕೋಲು ಹಿಡಿಯುವುದನ್ನು ಕಲಿಸಿದವರು ಒಬ್ಬ ಹಿರಿಯ ಕ್ಯಾಡಿ. ಅವರ ತಂದೆ ಗಣಿಯಲ್ಲಿ ದುಡಿದವರು. ನನ್ನ ಕನ್ನಡಕ್ಕೆ ಅವರು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು, ಸಿಟ್ಟು ಬಂದಾಗ ನಾವಿಬ್ಬರೂ ತೆಲುಗಿಗೆ ತಿರುಗುತ್ತಿದ್ದೆವು. ನಮ್ಮ ಜಿಲ್ಲೆಯಲ್ಲಿ ಇದು ದಿನನಿತ್ಯದ ಸಂಗತಿ. ‘ಅಣ್ಣಾ, ಯಾವ ಕೋಲು?’ ಎಂದು ಕೇಳಿದರೆ ಅವರು ಹೆಸರು ಹೇಳುತ್ತಿರಲಿಲ್ಲ. ಮಣ್ಣನ್ನು ಕಾಲಿನಿಂದ ಒತ್ತಿ ನೋಡಿ ಕೋಲು ತೆಗೆದು ಕೊಡುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, ನಿನ್ನೆ ಬಿಸಿಲಿತ್ತು, ಇಂದು ಬೆಳಗ್ಗೆ ಇಬ್ಬನಿ ಬಿದ್ದಿದೆ, ಅದೇ ದೂರಕ್ಕೆ ಬೇರೆ ಕೋಲು ಬೇಕು ಎಂದರು.

ಕೂಲಿಯನ್ನು ಆಟದ ಮೊದಲೇ ಮಾತನಾಡಿಕೊಳ್ಳಿ, ಮುಗಿದ ಕೂಡಲೇ ಕೈಗೆ ಕೊಡಿ, ಚೌಕಾಸಿ ಮಾಡಬೇಡಿ. ನಡುವೆ ಟೀ ಕುಡಿಯಲು ನಿಂತರೆ ಅವರಿಗೂ ಒಂದು ಟೀ ಹೇಳಿ. ಹಿರಿಯ ಕ್ಯಾಡಿಯನ್ನು ಏಕವಚನದಲ್ಲಿ ಕೂಗಿ ಕರೆಯುವವರ ಜೊತೆ ನಾನು ಎರಡನೆಯ ಸಲ ಆಡುವುದಿಲ್ಲ.

ಹೆಣ್ಣುಮಕ್ಕಳು, ಮಕ್ಕಳು ಆಡಬಹುದೇ?

ಖಂಡಿತ. ಬೆಂಗಳೂರಿನ ಅದಿತಿ ಅಶೋಕ್ ಐದು ವರ್ಷದ ಹುಡುಗಿಯಾಗಿದ್ದಾಗ ಕೋಲು ಹಿಡಿದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು, ಪದಕ ಕೂದಲೆಳೆಯಲ್ಲಿ ತಪ್ಪಿತು. ಆ ಶನಿವಾರ ಬೆಳಗ್ಗೆ ಗಾಲ್ಫ್ ಎಂದರೇನೆಂದು ತಿಳಿಯದ ನಮ್ಮ ಚಿಕ್ಕಮ್ಮನೂ ಟಿವಿ ಮುಂದೆ ಕೂತಿದ್ದರು. ಮಹಿಳೆಯರಿಗೆ ಮುಂದಿನ ಟೀ ಇರುತ್ತದೆ. ಅದನ್ನು ಹೊಸ ಗಂಡಸರೂ ಬಳಸಬೇಕು ಎಂಬುದು ನನ್ನ ಸಲಹೆ. ಮಕ್ಕಳಿಗೆ ದೊಡ್ಡವರ ಕೋಲನ್ನು ಕತ್ತರಿಸಿ ಕೊಡುವುದಾದರೆ ಹಗುರವಾದ ಕೋಲನ್ನೇ ಆರಿಸಿ. ಭಾರದ ಕೋಲು ಮಗುವಿನ ಬೀಸನ್ನು ಕೆಡಿಸುತ್ತದೆ.

ಯಾವ ಕಾಲ, ಯಾವ ಹೊತ್ತು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ, ಬೆಳಗ್ಗೆ ಆರೂವರೆಯಿಂದ. ಹಿಂಗಾರು ನಿಂತು ನೆಲ ಇನ್ನೂ ಮೆತ್ತಗಿರುತ್ತದೆ. ಮಂಜು ಕವಿದಿದ್ದರೆ ಚೆಂಡು ಎಲ್ಲಿ ಬಿತ್ತೆಂದು ಕಾಣುವುದಿಲ್ಲ, ಬಿಸಿಲು ಬರುವವರೆಗೆ ಪಟ್ ಅಭ್ಯಾಸ ಮಾಡಿ. ಅದು ಅವರೆಕಾಯಿಯ ಕಾಲವೂ ಹೌದು. ಆಟ ಮುಗಿಸಿ ಮನೆಗೆ ಬಂದು ಹಿದುಕಿದಬೇಳೆ ಸಾರಿನ ಜೊತೆ ಮುದ್ದೆ ಉಣ್ಣುವ ಸುಖಕ್ಕೆ ಬೇರೆ ಹೋಲಿಕೆ ಇಲ್ಲ. ಏಪ್ರಿಲ್‌ನಲ್ಲಿ ಒಂಬತ್ತು ಗಂಟೆಯೊಳಗೆ ಮುಗಿಸಿ. ಆಷಾಢದ ಗಾಳಿಯಲ್ಲಿ ಚೆಂಡನ್ನು ತಗ್ಗಾಗಿ ಹೊಡೆಯುವುದನ್ನು ಕಲಿಯಬಹುದು, ಆದರೆ ಕೆಜಿಎಫ್ ಸುತ್ತ ಸೈನೈಡ್ ಗುಡ್ಡಗಳ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ರಾಶಿಗಳ, ಧೂಳು ಎದ್ದ ದಿನ ಆಡಬೇಡಿ. ಗುಡುಗಿನ ಸದ್ದು ಕೇಳಿದರೆ ಕೋಲು ಕೆಳಗಿಟ್ಟು ಕಟ್ಟಡದೊಳಗೆ ಹೋಗಿ, ಹುಣಸೆ ಮರದ ಕೆಳಗೆ ನಿಲ್ಲಬೇಡಿ.

ಕೆಜಿಎಫ್‌ಗೆ ಹೇಗೆ ಹೋಗುವುದು?

ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಬಂಗಾರಪೇಟೆಯಿಂದ ಕವಲೊಡೆದು ಮಾರಿಕುಪ್ಪಂವರೆಗೆ ಹೋಗುವ ಗಣಿ ಕಾಲದ ರೈಲು ಮಾರ್ಗವಿದೆ. ಕೋರಮಂಡಲ್, ಊರ್ಗಾಂ, ಚಾಂಪಿಯನ್ ನಿಲ್ದಾಣಗಳ ಹೆಸರು ಕೇಳುತ್ತಾ ಹೋಗುವುದೇ ಒಂದು ಚರಿತ್ರೆಯ ಪಾಠ. ಈ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ಬರುವವರೇ ಹೆಚ್ಚು, ಅದಕ್ಕಾಗಿ ದಟ್ಟಣೆಯ ಹೊತ್ತಿನಲ್ಲಿ ಗಾಲ್ಫ್ ಚೀಲ ತುರುಕಿ ಅವರ ಜಾಗ ತಿನ್ನಬೇಡಿ. ನಾಲ್ಕು ಕೋಲು ಬಟ್ಟೆ ಚೀಲದಲ್ಲಿ ಸುತ್ತಿ ತಂದರೆ ಸಾಕು. ಕೋಲಾರದಿಂದ ಬಸ್ಸುಗಳಿವೆ.

ಮೈದಾನವನ್ನು ಹೇಗೆ ನೋಡಿಕೊಳ್ಳಬೇಕು?

ದುಬಾರಿ ಕ್ಲಬ್ಬಿನಲ್ಲಿ ನಿಮ್ಮ ಹಿಂದೆ ಹತ್ತು ಜನ ಕೆಲಸಗಾರರಿರುತ್ತಾರೆ. ಅಗ್ಗದ ಮೈದಾನದಲ್ಲಿ ಇರುವುದು ಒಬ್ಬಿಬ್ಬರು. ಶುಲ್ಕ ಕಡಿಮೆ ಇರುವುದಕ್ಕೆ ಕಾರಣವೇ ಅದು. ಉಳಿದ ಕೆಲಸ ಆಡುವವರದು.

ಒಂದು ಸಲ ನಮ್ಮ ಮುಂದೆ ಹೊರಗಿನಿಂದ ಬಂದ ಗುಂಪೊಂದು ಆಡುತ್ತಿತ್ತು. ನಾವು ಹೋಗುವಷ್ಟರಲ್ಲಿ ಎರಡು ಬ್ರೌನ್‌ಗಳ ಮೇಲೆ ಶೂಗಳ ಗುರುತು, ಬಂಡಿ ಎಳೆದ ಗೀರು, ಕುಳಿಯ ಅಂಚು ಮುರಿದಿತ್ತು. ಅವುಗಳನ್ನು ಸರಿಪಡಿಸಬೇಕಾದದ್ದು ಅರುವತ್ತು ದಾಟಿದ ಒಬ್ಬ ಮಾಲಿ. ಮಂಡಿಯೂರಿ ಅಂಚನ್ನು ಕೈಯಿಂದ ಒತ್ತಿ ಕೂರಿಸುತ್ತಿದ್ದರು. ಅಂದು ನಾವು ನಾಲ್ವರೂ ಆಟ ನಿಲ್ಲಿಸಿ ಅವರ ಜೊತೆ ಮರಳು ಸವರಿದೆವು. ಆ ದಿನದ ನೋವು ಇನ್ನೂ ಹೋಗಿಲ್ಲ.

ಆದ್ದರಿಂದ ಕುಳಿಯಿಂದ ಚೆಂಡು ತೆಗೆದ ಮೇಲೆ ಹಲಗೆಯನ್ನು ನಡುವಿನಿಂದ ಹೊರಕ್ಕೆ ಸುತ್ತುತ್ತಾ ಎಳೆಯಿರಿ, ಹೆಜ್ಜೆಯ ಗುರುತು ಉಳಿಯಬಾರದು. ಚೀಲವನ್ನೂ ಬಂಡಿಯನ್ನೂ ಬ್ರೌನ್ ಹೊರಗೇ ಬಿಡಿ. ಮಳೆಗಾಲದಲ್ಲಿ ನಿಮ್ಮ ಕೋಲು ಕಿತ್ತ ಹುಲ್ಲಿನ ಹೆಂಟೆಯನ್ನು ಮತ್ತೆ ಅದರ ಗುಂಡಿಯಲ್ಲಿಟ್ಟು ತುಳಿಯಿರಿ, ಬೇರು ಹಿಡಿಯುತ್ತದೆ. ನೀರಿನ ಬಾಟಲಿ ಮನೆಗೆ ತನ್ನಿ. ಬೇಸಿಗೆಯಲ್ಲಿ ನೆಟ್ಟ ಹೊಂಗೆ ಸಸಿಯೊಂದು ಬಾಡುತ್ತಿದ್ದರೆ ಉಳಿದ ನೀರನ್ನು ಅದಕ್ಕೆ ಹಾಕಿ.

ಬ್ರೌನ್ ಮೇಲೆ ಕಲಿತವನು ಬೆಂಗಳೂರಿನ ಹುಲ್ಲಿನ ಮೈದಾನದಲ್ಲಿ ಆಡಬಲ್ಲನೇ?

ಆಡಬಲ್ಲ. ಮೊದಲ ಮೂರು ನಾಲ್ಕು ಗ್ರೀನ್‌ಗಳಲ್ಲಿ ಪಟ್ ಕುಳಿ ದಾಟಿ ಆಚೆ ಓಡುತ್ತದೆ, ಏಕೆಂದರೆ ಕೈ ಮರಳಿಗೆ ಒಗ್ಗಿರುತ್ತದೆ. ಹುಲ್ಲಿನಲ್ಲಿ ಇಳಿಜಾರು ನೋಡುವುದನ್ನು ಹೊಸದಾಗಿ ಕಲಿಯಬೇಕು: ಚೆಂಡಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ನೀರು ಸುರಿದರೆ ಯಾವ ಕಡೆ ಹರಿಯುತ್ತದೆ ಎಂದು ಊಹಿಸಿ. ಗದ್ದೆಗೆ ನೀರು ಕಟ್ಟಿದವರಿಗೆ ಇದು ಬೇಗ ಹತ್ತುತ್ತದೆ. ಐರನ್ ಹೊಡೆತದಲ್ಲಿ ನೀವು ಹುಲ್ಲಿನ ಮೇಲೆ ಕಲಿತವರಿಗಿಂತ ಮುಂದಿರುತ್ತೀರಿ. ಆಟ ಶುರುವಾಗುವ ಅರ್ಧ ಗಂಟೆ ಮೊದಲೇ ಹೋಗಿ, ಅಭ್ಯಾಸದ ಗ್ರೀನ್ ಮೇಲೆ ಹತ್ತು ಹೆಜ್ಜೆ ದೂರದಿಂದ ಇಪ್ಪತ್ತು ಪಟ್ ಮಾಡಿ.